ಕಿವಿ ಹಿಡಿದ ಗುಬ್ಬಚ್ಚಿ

ಎಲ್ಲ ಶುರುವಾದದ್ದು ಕಿವಿಯ ಹಾಲೆಯಿಂದ.

ಪರದೆ ಹೊಲಿಯುವ ಅಂಗಡಿಯೊಂದರಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅವನದು. ಕೈ ಶುದ್ಧ, ಅಳತೆ ಶುದ್ಧ, ಎದೆ ಮಾತ್ರ ಪುಕ್ಕಲು. ಯಾರಾದರೂ ದನಿ ಏರಿಸಿದರೆ ಸಾಕು, ಬಟ್ಟೆಯೇ ಇಲ್ಲದೆ ಓಡುವ ಹೊಲಿಗೆ ಯಂತ್ರದ ಹಾಗೆ ಎದೆ ಟಕಟಕ ಹೊಡೆದುಕೊಳ್ಳುತ್ತಿತ್ತು, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಅದಕ್ಕೇ ಅಂಗಡಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಗುಬ್ಬಚ್ಚಿ ಎಂದು.

ಈ ಗುಬ್ಬಚ್ಚಿಗೆ ಒಂದು ಆಸೆ ಹುಟ್ಟಿತ್ತು. ಹಳೆಯ ಕಟಿಂಗ್ ಮಾಸ್ಟರ್ ಕೆಲಸ ಬಿಟ್ಟು ಹೋಗಿ ಅವರ ಒಳಗಿನ ಕೋಣೆ ಖಾಲಿ ಬಿದ್ದಿತ್ತು. ಉದ್ದನೆಯ ಮೇಜು, ಒಂದು ಕಿಟಕಿ, ಮುಖ್ಯವಾಗಿ ಒಂದು ಬಾಗಿಲು. ಅದನ್ನು ಮುಚ್ಚಿಕೊಂಡರೆ ಗಿರಾಕಿಯಿಲ್ಲ, ಕೂಗಾಟವಿಲ್ಲ, ಕತ್ತರಿಯ ಸದ್ದು ಮಾತ್ರ. ಆ ಕೆಲಸ ಯಾರಿಗೆ ಎಂದು ಯಜಮಾನರು ಇವತ್ತು ಹೇಳುವವರಿದ್ದರು.

"ಈ ಸಲ ನೀವೇ ಬಾಯಿಬಿಟ್ಟು ಕೇಳಿ. ಸುಮ್ನೆ ನಿಂತ್ಕೊಂಡು ಬಂದ್ರೆ ನಾನು ಸುಮ್ನಿರಲ್ಲ," ಎಂದಿದ್ದಳು ಹೆಂಡತಿ. ಬಾಯಿ ಬಿಡಲು ಧೈರ್ಯ ಬೇಕಲ್ಲ. ಅದಕ್ಕೂ ಅವಳೇ ದಾರಿ ಹುಡುಕಿ, ಹಿಂದಿನ ಬೀದಿಯ ದಾದಿಯಮ್ಮನ ಹತ್ತಿರ ಕಳಿಸಿದ್ದಳು. ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ದಾದಿಯಮ್ಮ ಮಾತ್ರೆಯಿಲ್ಲದೆ ಜನರ ಗಾಬರಿ ಇಳಿಸುವುದನ್ನು ಹೇಳಿಕೊಡುತ್ತಿದ್ದರು.

"ತಲೆಯಿಂದ ಹೊಟ್ಟೆವರೆಗೂ ಇಳಿಯೋ ಒಂದು ದೊಡ್ಡ ನರ ಇದೆಯಪ್ಪ," ಎಂದಿದ್ದರು ಅವರು. "ಅದರದೊಂದು ಎಳೆ ಕಿವಿಗೂ ಬರುತ್ತೆ. ಎದೆ ಹೊಡ್ಕೊಳ್ಳೋಕೆ ಶುರುವಾದ್ರೆ ಎರಡು ಕಿವೀನೂ ಹಿಡಿದು ಮೆತ್ತಗೆ ನೀವ್ಕೊ. ಉಸಿರನ್ನ ಉದ್ದಕ್ಕೆ ಬಿಡು. ಆಗ್ಲೂ ನಿಲ್ಲದಿದ್ರೆ ಮುಖಕ್ಕೆ ತಣ್ಣೀರು ಹಾಕ್ಕೊ. ಡಾಕ್ಟರು ಬೇಡ ಅಂತಲ್ಲ, ಇದು ಅವರ ಜೊತೆಗೆ."

ಕಿವಿ, ಉಸಿರು, ತಣ್ಣೀರು. ಗುಬ್ಬಚ್ಚಿ ಪಾಠ ಒಪ್ಪಿಸುವವನಂತೆ ದಾರಿಯುದ್ದಕ್ಕೂ ಗುನುಗಿಕೊಂಡು ಅಂಗಡಿ ಮುಟ್ಟಿದ.

ಒಳಗೆ ಕಾಲಿಟ್ಟರೆ ಯಜಮಾನರು ನೀಲಿ ಮಖಮಲ್ಲಿನ ಪರದೆಯೊಂದನ್ನು ಎತ್ತಿ ಹಿಡಿದು ನಿಂತಿದ್ದರು. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ದೊಡ್ಡ ಕಿಟಕಿಗೆ ಬೇಕಾದದ್ದು. ಒಂದು ಗೇಣು ಗಿಡ್ಡ.

"ಯಾರಯ್ಯ ಇದನ್ನ ಕತ್ತರಿಸಿದ್ದು?"

ಹೊಲಿಗೆಯಕ್ಕ ಸೂಜಿಗೆ ದಾರ ಪೋಣಿಸತೊಡಗಿದಳು, ಆಗಲೇ ಪೋಣಿಸಿದ್ದ ಸೂಜಿಗೆ. ಇಸ್ತ್ರಿಯಣ್ಣ ಆರಿದ ಇಸ್ತ್ರಿಯನ್ನು ಊದಿದ. ಯಜಮಾನರ ಕಣ್ಣು ಒಬ್ಬೊಬ್ಬರ ಮುಖವನ್ನೂ ಸವರಿಕೊಂಡು ಬಂದು ಗುಬ್ಬಚ್ಚಿಯ ಮೇಲೆ ನಿಂತಿತು. ಎದೆಯ ಯಂತ್ರ ಓಡಲು ಶುರುವಾಯಿತು. ನಾನಲ್ಲ ಸಾರ್ ಎನ್ನಬೇಕು, ಮಾತು ಹೊರಡದು. ದಾದಿಯಮ್ಮ ನೆನಪಾದರು.

ಗುಬ್ಬಚ್ಚಿ ಎರಡೂ ಕೈ ಎತ್ತಿ ಎರಡೂ ಕಿವಿ ಹಿಡಿದುಕೊಂಡ.

ಮೇಷ್ಟ್ರ ಮುಂದೆ ತಪ್ಪೊಪ್ಪಿಕೊಂಡು ನಿಂತ ಶಾಲೆಯ ಮಗುವಿನ ಹಾಗೇ ಕಾಣುತ್ತಿದ್ದ. ಸಾಲದ್ದಕ್ಕೆ ಉಸಿರನ್ನೂ ಉದ್ದಕ್ಕೆ ಬಿಟ್ಟ. ಅದು ಪಶ್ಚಾತ್ತಾಪದ ನಿಟ್ಟುಸಿರಿನಂತೆ ಮೂಲೆಮೂಲೆಗೂ ಕೇಳಿಸಿತು.

"ಓ, ನೀನಾ," ಎಂದರು ಯಜಮಾನರು. ಅವರ ದನಿ ಯಾಕೋ ದಿಢೀರನೆ ಮೆತ್ತಗಾಯಿತು. "ಸರಿ, ಒಪ್ಕೊಂಡಾಯ್ತಲ್ಲ. ಎಲ್ಲರೂ ಕೆಲಸ ನೋಡಿ."

ಗುಬ್ಬಚ್ಚಿ ಹಿತ್ತಲಿಗೆ ಓಡಿ ಮುಖಕ್ಕೆ ತಣ್ಣೀರು ಎರಚಿಕೊಂಡ, ಮೂರನೆಯ ಪಾಠ. ಗಾಬರಿಯಲ್ಲಿ ನೀರು ಕಣ್ಣಿಗೂ ಹೋಯಿತು. ಉಜ್ಜಿಕೊಂಡು, ಕಣ್ಣು ಕೆಂಪಗೆ, ಗಲ್ಲ ತೊಟ್ಟಿಕ್ಕುತ್ತ ಬಂದವನನ್ನು ಕಂಡು ಹೊಲಿಗೆಯಕ್ಕನ ಕರುಳು ಚುರುಕ್ ಎಂದಿತು.

"ಅಯ್ಯೋ ಪಾಪ, ಒಂದು ಗೇಣು ಬಟ್ಟೆಗೆ ಯಾರಾದ್ರೂ ಅಳ್ತಾರೇನೋ?"

"ಅಳ್ತಿಲ್ಲಕ್ಕ. ನೀರು ಅದು."

"ಹೂಂನಪ್ಪ, ಕಣ್ಣಿಂದ ಬರೋದು ನೀರೇ."

ಮಧ್ಯಾಹ್ನದ ಹೊತ್ತಿಗೆ ಗುಬ್ಬಚ್ಚಿಗೆ, ಇದನ್ನು ಯಾರಿಗಾದರೂ ಬಿಡಿಸಿ ಹೇಳದಿದ್ದರೆ ಒಳಗಿನ ಕೋಣೆ ಕೈತಪ್ಪುವುದು ಖಂಡಿತ ಎನ್ನಿಸಿತು. ಅಳತೆ ತಪ್ಪಿದವನನ್ನು ಯಾರು ಕಟಿಂಗ್ ಮಾಸ್ಟರ್ ಮಾಡುತ್ತಾರೆ? ಮೆಲ್ಲನೆ ಇಸ್ತ್ರಿ ಮೇಜಿನ ಪಕ್ಕಕ್ಕೆ ಸರಿದ.

"ಅಣ್ಣ, ನಾನು ತಪ್ಪು ಒಪ್ಕೊಂಡಿದ್ದಲ್ಲ. ಕಿವಿ ಹಿಡಿದಿದ್ದು ಬೇರೆ ಕಾರಣಕ್ಕೆ."

"ಏನು ಕಾರಣ?"

"ನನಗೆ ಸ್ವಲ್ಪ... ನರದ್ದು."

ಇಸ್ತ್ರಿ ನಿಂತಿತು. ಆ ಪದವನ್ನು ಇಸ್ತ್ರಿಯಣ್ಣ ಜೀವಮಾನದಲ್ಲಿ ಓದಿದ್ದು ಒಂದೇ ಜಾಗದಲ್ಲಿ, ಬಸ್ ನಿಲ್ದಾಣದ ಮೂತ್ರಾಲಯದ ಗೋಡೆಗೆ ಅಂಟಿಸಿದ ಜಾಹೀರಾತಿನಲ್ಲಿ. 'ನರದೌರ್ಬಲ್ಯವೇ? ಸಂಕೋಚ ಬಿಡಿ, ಗುಟ್ಟಾಗಿ ಬನ್ನಿ.' ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಮಕ್ಕಳಿದ್ದಾರಲ್ವೇನೋ ನಿನಗೆ?"

"ಇಬ್ಬರಿದ್ದಾರೆ."

"ಮತ್ತೆ ಈಗ್ಯಾಕೆ ಹೀಗಾಯ್ತು?"

"ಅಣ್ಣ, ಆ ನರ ಅಲ್ಲ. ಇದು ಕಿವಿಗೆ ಬರೋದು."

"ಅಷ್ಟು ದೂರ ಹೋಗಿದೆಯಾ," ಎಂದು ಇಸ್ತ್ರಿಯಣ್ಣ ಮರುಗಿದ.

"ಏನಂತೆ ಅವನಿಗೆ?" ಎಂದು ಆ ಕಡೆಯಿಂದ ಹೊಲಿಗೆಯಕ್ಕ ಕೇಳಿದಳು.

"ನಿಮ್ಮ ಮುಂದೆ ಹೇಳೋ ಅಂಥದ್ದಲ್ಲ ಬಿಡಕ್ಕ."

ಇದಕ್ಕಿಂತ ಅವನು ಹೇಳಿಯೇ ಬಿಟ್ಟಿದ್ದರೆ ವಾಸಿಯಿತ್ತು. ಒಂದೊಂದಾಗಿ ಎಲ್ಲ ಯಂತ್ರಗಳೂ ನಿಂತವು. ಎಲ್ಲರ ಕಣ್ಣೂ ಗುಬ್ಬಚ್ಚಿಯನ್ನು ಮೇಲಿನಿಂದ ಕೆಳಗೆ ಅಳೆದವು, ಕೆಳಗೆ ಸ್ವಲ್ಪ ಹೆಚ್ಚು ಹೊತ್ತೇ ನಿಂತವು. ಅವನ ಮುಖ ಕಾದ ಇಸ್ತ್ರಿಯಾಯಿತು. ನೆಲ ಬಾಯ್ತೆರೆಯಲಿಲ್ಲ, ಅಲ್ಲಿದ್ದದ್ದು ಚಿಂದಿ ಬಟ್ಟೆಯ ರಾಶಿ ಮಾತ್ರ.

"ಏನಿಲ್ಲಕ್ಕ," ಎಂದ ಗುಬ್ಬಚ್ಚಿ ಗಟ್ಟಿಯಾಗಿ. "ಆ ಮಖಮಲ್ ನಾನೇ ಕತ್ತರಿಸಿದ್ದು. ಅಷ್ಟೇ."

ಹುಟ್ಟಿದಾಗಿನಿಂದ ಅಂಗಡಿಗೆಲ್ಲ ಕೇಳುವ ಹಾಗೆ ಅವನು ಆಡಿದ ಮಾತು ಇದೊಂದೇ, ಅದೂ ಸುಳ್ಳು. ಹೋದ ವಾರವಷ್ಟೇ ಶಾಲೆಯಲ್ಲಿ ಯಾರದೋ ತಪ್ಪಿಗೆ ಬೈಸಿಕೊಂಡು ಬಂದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಮಾಡದೇ ಇರೋದನ್ನ ಯಾವತ್ತೂ ಒಪ್ಕೋಬಾರದು ಪುಟ್ಟಿ," ಎಂದಿದ್ದ. ಅವಳ ಮುಖ ಕಣ್ಣ ಮುಂದೆ ಬಂದದ್ದೇ, ಗುಬ್ಬಚ್ಚಿ ಹಿಡಿ ಬಟ್ಟೆಯಷ್ಟಾಗಿ ಮುದುರಿಹೋದ.

ಮೂರು ಗಂಟೆಗೆ ಹಲ್ಲಿನ ಡಾಕ್ಟರಮ್ಮ ಬಂದರು. ಪರದೆ ಬಿಡಿಸಿ ನೋಡಿದರು. "ನನ್ನ ಕಿಟಕಿಗೆ ಇದೇನು, ಲಂಗಾನಾ?" ಎಂದು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದು, "ಇವನೇ ಮೇಡಂ," ಎಂದು ಗುಬ್ಬಚ್ಚಿಯನ್ನು ಮುಂದೆ ತಳ್ಳಿದರು.

ಎದೆ ಓಡಿತು. ಬೇಡ ಬೇಡವೆಂದರೂ ಕೈಗಳು ತಾವಾಗಿ ಕಿವಿಗೆ ಹೋದವು. ಉಸಿರು ಉದ್ದಕ್ಕೆ ಹೊರಬಂತು. ಮೂಗಿನ ತುದಿಯಿಂದ ಬೆವರಿನ ಒಂದು ಹನಿ ಮಖಮಲ್ಲಿನ ಮೇಲೆ ಬಿತ್ತು.

ಡಾಕ್ಟರಮ್ಮ ಮಾತು ನಿಲ್ಲಿಸಿ ಅವನನ್ನೇ ನೋಡಿದರು. "ಹಲ್ಲು ಕೀಳಿಸ್ಕೊಳ್ಳೋಕೆ ಬಂದೋರು ಕೂಡ ನನ್ನ ಮುಂದೆ ಇಷ್ಟು ನಡುಗಲ್ಲ," ಎಂದರು. "ಕೈ ಇಳಿಸಿ ಮಾರಾಯ್ರೆ, ನಂಗೇ ಒಂಥರಾ ಆಗುತ್ತೆ. ಕೆಳಗೊಂದು ಬೇರೆ ಬಣ್ಣದ ಪಟ್ಟಿ ಕೊಟ್ಟು ಹೊಲಿದುಕೊಡಿ, ಆಯ್ತು." ಹೋಗುವಾಗ ಸೋಫಾದ ಹೊದಿಕೆಗೂ ಹೇಳಿ ಹೋದರು.

ಯಜಮಾನರು ಗುಬ್ಬಚ್ಚಿಯನ್ನು ಒಳಗಿನ ಕೋಣೆಗೆ ಕರೆದರು. ಬಾಗಿಲು ಮುಚ್ಚುತ್ತಲೇ ಹೊರಗಿನ ಗಲಾಟೆಯೆಲ್ಲ ಕತ್ತರಿಸಿದಂತೆ ನಿಂತುಹೋಯಿತು. ಕಿಟಕಿಯ ಬೆಳಕು ಉದ್ದ ಮೇಜಿನ ಮೇಲೆ ಬಿದ್ದಿತ್ತು. ಇಷ್ಟು ನಿಶ್ಶಬ್ದವಾದ ಜಾಗವನ್ನು ಅವನು ಕನಸಿನಲ್ಲೂ ಕಂಡಿರಲಿಲ್ಲ.

"ನಾಳೆಯಿಂದ ನೀನು ಮುಂದಿನ ಕೌಂಟರ್‌ಗೆ ಬಾ," ಎಂದರು ಯಜಮಾನರು. "ದೂರು ಹೇಳೋಕೆ ಬರೋ ಗಿರಾಕಿಗಳೆಲ್ಲ ಇನ್ಮೇಲೆ ನಿನ್ನ ಜವಾಬ್ದಾರಿ."

ಗುಬ್ಬಚ್ಚಿ ಎರಡೂ ಕೈಗಳನ್ನು ಬೆನ್ನ ಹಿಂದೆ ಭದ್ರವಾಗಿ ಹಿಡಿದುಕೊಂಡ. ಉಸಿರನ್ನು ಉದ್ದಕ್ಕೆ ಬಿಟ್ಟ. ಆಶ್ಚರ್ಯವೆಂದರೆ ಎದೆ ನಿಂತ ಕೆರೆಯ ಹಾಗೆ ಶಾಂತವಾಗಿತ್ತು. ದಾದಿಯಮ್ಮನ ವಿದ್ಯೆ ಕೊನೆಗೂ ಫಲಿಸಿತ್ತು.

"ಸಾರ್, ಆ ಬಟ್ಟೆ ಕತ್ತರಿಸಿದ್ದು ನಾನಲ್ಲ," ಎಂದ, ಒಂದಿಷ್ಟೂ ತಡವರಿಸದೆ.

"ಗೊತ್ತು," ಎಂದರು ಯಜಮಾನರು. "ಅದು ನಾನು."

ಗುಬ್ಬಚ್ಚಿಯ ಕೈಗಳು ಬೆನ್ನ ಹಿಂದಿನಿಂದ ಜಾರಿ ಕೆಳಗಿಳಿದವು.

"ಇವತ್ತೇ ಕೊಡ್ತೀನಿ ಅಂತ ಆಯಮ್ಮನಿಗೆ ಮಾತು ಕೊಟ್ಟಿದ್ದೆ. ನಿನ್ನೆ ನೀವೆಲ್ಲ ಹೋದ್ಮೇಲೆ ಕತ್ತರಿಸಿದೆ. ಎಡವಟ್ಟಾಯ್ತು. ಬೆಳಿಗ್ಗೆ ಕೂಗಾಡಿದ್ದು ಯಾರಿಗೂ ಅನುಮಾನ ಬರದೇ ಇರಲಿ ಅಂತ." ಅವರು ಅವನ ಹೆಗಲ ಮೇಲೆ ಕೈಯಿಟ್ಟರು. "ಕತ್ತರಿ ಹಿಡಿಯೋರು ಎಷ್ಟು ಬೇಕಾದ್ರೂ ಸಿಗ್ತಾರಪ್ಪ. ಮಾಡದ ತಪ್ಪಿಗೆ ಇಷ್ಟು ಚೆನ್ನಾಗಿ ಕಿವಿ ಹಿಡಿಯೋನು ಎಲ್ಲಿ ಸಿಗ್ತಾನೆ?"

"ಹಾಗಾದ್ರೆ ಸಾರ್, ಈ ಕೋಣೆ?"

ಯಜಮಾನರು ಕಿಟಕಿಯನ್ನು ನೋಡಿದರು, ಮೇಜಿನ ಮೇಲೆ ಒಮ್ಮೆ ಕೈಯಾಡಿಸಿದರು.

"ಇಲ್ಲಿಗೆ ನಾನೇ ಬರ್ತೀನಿ. ಗಿರಾಕಿ ಒಂದು ದನಿ ಏರಿಸಿದ್ರೆ ನನ್ನ ನರಗಳು ತಡ್ಕೊಳ್ಳಲ್ಲ," ಎಂದು ಕುರ್ಚಿ ಎಳೆದು ಕೂತು, ಕಣ್ಣು ಮುಚ್ಚಿದರು. "ಹೋಗುವಾಗ ಬಾಗಿಲು ಹಾಕ್ಕೊಂಡು ಹೋಗು."