ಎರಡು ಸರ್ಕಾರಕ್ಕೂ ಬೇಡವಾದ ನಮ್ಮ ಮಾವ

ನಮ್ಮ ಸೋದರಮಾವನಿಗೆ ಕೋಪ ಬರುತ್ತಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರಬೇಕಾದರೆ ಮೊದಲು ಒಮ್ಮೆಯಾದರೂ ಹೋಗಿರಬೇಕಲ್ಲ? ಅವರ ಕೋಪ ಬೆಳಿಗ್ಗೆ ಅವರ ಜೊತೆಗೇ ಎದ್ದು, ಅವರ ಜೊತೆಗೇ ಸೈಕಲ್ ಹತ್ತಿ, ಅಗರದಿಂದ ಕೊಳ್ಳೇಗಾಲದ ಹೈಸ್ಕೂಲಿಗೆ ಹೋಗಿ, ಸಂಜೆ ಅವರ ಜೊತೆಗೇ ಮನೆಗೆ ಬರುತ್ತಿತ್ತು. ಮಕ್ಕಳಿಗೆ ವಿಜ್ಞಾನ ಕಲಿಸುವುದು ಅವರ ಉದ್ಯೋಗ. ಮಿಕ್ಕವರನ್ನು ಬೈಯುವುದಕ್ಕೆ ಸಂಬಳವಿರಲಿಲ್ಲ, ಆದರೂ ಒಂದು ದಿನವೂ ತಪ್ಪಿಸಿದವರಲ್ಲ.

ಆಗ ಕೊಳ್ಳೇಗಾಲ ಮದ್ರಾಸ್ ಸೀಮೆಗೆ ಸೇರಿತ್ತು, ಯಳಂದೂರು ಮೈಸೂರು ಸೀಮೆಗೆ. ಅಗರ ಯಳಂದೂರಿನ ಪಾಲಿಗೆ. ಹೀಗಾಗಿ ಮಾವ ಮೈಸೂರಿನಲ್ಲಿ ಉಂಡು ಮದ್ರಾಸಿನಲ್ಲಿ ಪಾಠ ಮಾಡುತ್ತಿದ್ದರು. ಇದರಿಂದ ಯಾರಿಗೇನು ತೊಂದರೆ ಎನ್ನುತ್ತೀರಾ? ಫೆಲೋಶಿಪ್ ಎಂಬ ಮಾತು ಮನೆಗೆ ಕಾಲಿಡುವವರೆಗೆ ಯಾರಿಗೂ ಇರಲಿಲ್ಲ.

ವಿಜ್ಞಾನದ ಮೇಷ್ಟ್ರುಗಳಿಗೆ ಒಂದು ವರ್ಷ ರಜೆ ಕೊಟ್ಟು, ದೊಡ್ಡ ಪ್ರಯೋಗಶಾಲೆಯಲ್ಲಿ ಕೂರಿಸಿ ಸಂಶೋಧನೆ ಮಾಡಿಸುತ್ತಾರಂತೆ. ವಯಸ್ಸು ನಲವತ್ತು ದಾಟಿರಬಾರದು. ಮಾವನಿಗೆ ಆಗ ಮೂವತ್ತಾರು. ಅವರಿಗಿದ್ದದ್ದು ಒಂದೇ ಹುಚ್ಚು, ರೇಷ್ಮೆ ಹುಳು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹುಳು ಸಾಕುತ್ತಿದ್ದರು. ನಾಲ್ಕನೇ ಸಲ ಪೊರೆ ಕಳಚಿ ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ, ತಟ್ಟೆ ತಟ್ಟೆ ಹುಳು ಊದಿಕೊಂಡು, ಹಾಲಿನಂಥ ರಸ ಸುರಿಸಿ ಸಾಯುತ್ತಿದ್ದವು. ಯಾಕೆ? ಶಾಲೆಯ ಹಳೇ ಸೂಕ್ಷ್ಮದರ್ಶಕದಲ್ಲಿ ಕಾಣುವಷ್ಟನ್ನೂ ಕಂಡು ಮಾವ ನಾಲ್ಕು ನೋಟ್‌ಬುಕ್ ತುಂಬಿಸಿದ್ದರು. ಅದರಾಚೆಗೆ ನೋಡಬೇಕಾದರೆ ದೊಡ್ಡ ಪ್ರಯೋಗಶಾಲೆಯೇ ಬೇಕಿತ್ತು.

ಎರಡೂ ಸೀಮೆಗೆ ಅರ್ಜಿ ಹಾಕಿದರು. ಎರಡೂ ಕಡೆಯಿಂದ ಉತ್ತರ ಬಂತು. ತಾವು ನಮ್ಮಲ್ಲಿ ನೌಕರಿಯಲ್ಲಿಲ್ಲ ಎಂದು ಈ ಕಡೆಯವರು, ತಾವು ನಮ್ಮಲ್ಲಿ ವಾಸವಾಗಿಲ್ಲ ಎಂದು ಆ ಕಡೆಯವರು. ಮಾವ ಎರಡು ಕಾಗದವನ್ನೂ ಎರಡು ಕೈಯಲ್ಲಿ ಹಿಡಿದು, ಯಾವುದಕ್ಕೆ ಮೊದಲು ಬೈಯಬೇಕೆಂದು ತಿಳಿಯದೆ ಹಜಾರದ ತುಂಬ ಓಡಾಡಿದರು. ಅವರ ಮನೆಯಲ್ಲೇ ಇದ್ದು ಓದುತ್ತಿದ್ದ ನಾನು ಒಂದು ಉಪಾಯ ಹೇಳಿದೆ.

“ಮಾವ, ಕೊಳ್ಳೇಗಾಲ್ದಲ್ಲೇ ಇವ್ನಿ ಅಂತ ಬರ್ದ್‌ಬುಡಿ. ಯಾರ್ ಬಂದು ನೋಡಾರು?”

“ಸುಳ್ ಬರ್ಯಾಕೆ ಯೇಳ್ತೀಯೇನ್ಲಾ? ಅರ್ಜೀಲಿ ಸುಳ್ ಬರ್ದವ್ನು ನಾಳೆ ನೋಟ್‌ಬುಕ್ನಲ್ಲೂ ಬರೀತನೆ.”

ಸುಳ್ಳು ಬೇಡವೆಂದರೆ ನಿಜವನ್ನೇ ಬದಲಾಯಿಸಬೇಕು. ಕೊಳ್ಳೇಗಾಲದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದರು. ಸ್ವಲ್ಪ ದಿನಕ್ಕೆ ವಾಸದ ಪತ್ರ ಕೊಡಲು ರೆವಿನ್ಯೂ ಇನ್‌ಸ್ಪೆಕ್ಟರು ಬಂದರು. ಬಾಗಿಲು ತೆಗೆದರೆ ಸೂರಿನವರೆಗೂ ಹುಳುವಿನ ತಟ್ಟೆ!

“ಮೇಷ್ಟ್ರೇ, ನಿಮ್ ಆಸ್ಗೆ ಎಲ್ಲಿ?”

“ಆಸ್ಗೆ ಆಕುದ್ರೆ ತಟ್ಟೆ ಎಲ್ ಮಡಗ್ಲಿ?”

“ಇಲ್ ವಾಸ್ವಾಗಿರದು ಹುಳ ಕಣ್ರಿ. ಬೇಕಾದ್ರೆ ಅವುಕ್ಕೆ ಪತ್ರ ಬರ್ಕೊಡ್ತೀನಿ.”

ಮೂರು ವರ್ಷ ಅಲ್ಲೇ ವಾಸವಿದ್ದು ತೋರಿಸಿದರೆ ಮಾತ್ರ ಪತ್ರ ಎಂದು ಹೇಳಿ ಹೋದರು. ಅತ್ತೆ ಅಂದೇ ಚಾಪೆ ದಿಂಬು ಕಳಿಸಿದರು. ಅಲ್ಲಿಂದ ಮೂರು ವರ್ಷ, ಒಂದು ಪತ್ರಕ್ಕಾಗಿ, ಮಾವ ಹೆಂಡತಿಯನ್ನು ಅಗರದಲ್ಲಿ ಬಿಟ್ಟು ಹುಳುಗಳ ಜೊತೆ ಮಲಗಿದರು. ಭಾನುವಾರ ಮಾತ್ರ ಮನೆ. ಹೋಗಿ ಬರಲು ಒಂದೇ ದಿನವಾದ್ದರಿಂದ ಏಳು ದಿನದ ಬೈಗುಳವನ್ನು ಒಟ್ಟಿಗೆ ಮುಗಿಸುತ್ತಿದ್ದರು.

ಅಂಥ ಒಂದು ಭಾನುವಾರವೇ ಎಲ್ಲ ಕೆಟ್ಟದ್ದು. ಸತ್ತ ಹುಳುಗಳನ್ನು ಕೆಡದಂತೆ ಇಡಲು ಮಾವ ಸ್ಪಿರಿಟ್ ಬಳಸುತ್ತಿದ್ದರು. ಒಂದು ಶೀಷೆ ಸ್ಪಿರಿಟ್, ಅದರೊಳಗೆ ಅಗರದಲ್ಲಿ ಸಿಕ್ಕ ಹತ್ತು ಹುಳು, ಸೈಕಲ್ಲಿನ ಚೀಲದಲ್ಲಿ. ಮದ್ರಾಸ್ ಸೀಮೆಯಲ್ಲಿ ಆಗ ಪಾನನಿಷೇಧ. ಗಡಿಯಲ್ಲಿ ಪೊಲೀಸಿನವನು ಶೀಷೆ ಮೂಸಿ ನೋಡಿ ಮೀಸೆ ನೇವರಿಸಿಕೊಂಡ. ವಿಜ್ಞಾನಕ್ಕೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮ ಮಾವ ಪಾಠಕ್ಕೇ ಇಳಿದರು.

“ಇದು ಕುಡ್ಯದಲ್ಲ ಕಣಯ್ಯಾ. ಕುಡುದ್ರೆ ಮೊದ್ಲು ಒಟ್ಟೆ ಉರೀತದೆ, ಆಮೇಲೆ ತಲೆ ಸುತ್ತುತದೆ, ಆಮೇಲೆ ಕಣ್ ಓಯ್ತವೆ.”

“ಅನುಭವ್ದ ಮೇಲೆ ಯೇಳ್ತಿದ್ದೀರಾ ಸಾ?”

ಆ ಪೊಲೀಸಿನವನ ವಂಶವೃಕ್ಷವನ್ನು ಮಾವ ಬೇರಿನಿಂದ ಬೈದರು. ಪೊಲೀಸರು ಮಾವನನ್ನು ಮಧ್ಯಾಹ್ನದಿಂದ ಸಂಜೆಯವರೆಗೆ ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಮೇಲಧಿಕಾರಿ ಬಂದು ಹುಳು ನೋಡಿ, ಅಸಹ್ಯಪಟ್ಟುಕೊಂಡು ಬಿಟ್ಟು ಕಳಿಸಿದ. ಅಷ್ಟರಲ್ಲಿ ವಿಜ್ಞಾನದ ಮೇಷ್ಟ್ರು ಸರಕಿನ ಸಮೇತ ಸಿಕ್ಕಿಬಿದ್ದರು ಎಂಬ ಸುದ್ದಿ ಹನೂರಿನವರೆಗೂ ಹೋಗಿತ್ತು!

ಮೂರು ವರ್ಷ ತುಂಬಿತು. ವಾಸದ ಪತ್ರ ಸಿಕ್ಕಿತು. ಬಾಕಿ ಇದ್ದದ್ದು ಹೆಡ್‌ಮಾಸ್ಟರು ಕೊಡಬೇಕಾದ ನಡತೆಯ ಪತ್ರ ಮಾತ್ರ. ಅವರು ಬರೆದುಕೊಟ್ಟದ್ದೇನು ಗೊತ್ತೆ? ‘ಇವರು ಸಾಮಾನ್ಯವಾಗಿ ಪಾನಮತ್ತರಾಗಿರುವುದಿಲ್ಲ.’

“ಸಾಮಾನ್ಯ ಅಂದ್ರೆ ತಿಂಗ್ಳಿಗೆ ಎಷ್ಟ್ ದಿನ ಸಾ? ಎಣ್ಸಿದ್ದೀರಾ?” ಎಂದು ಮಾವ ಇಡೀ ಶಾಲೆಗೆ ಕೇಳುವಂತೆ ಗುಡುಗಿದರು. ಹೆಡ್‌ಮಾಸ್ಟರು ಅರ್ಜಿಯನ್ನು ಮೇಜಿನ ಖಾನೆಯೊಳಗಿಟ್ಟು ಬೀಗ ಹಾಕಿದರು. ಎರಡು ತಿಂಗಳು ಅದು ಅಲ್ಲೇ ಇತ್ತು. ಆ ಮನುಷ್ಯನನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಮಾವನನ್ನು ನೆನೆದರೂ ಉರಿಯುತ್ತದೆ. ನಾಲಿಗೆ ಒಂದು ಗಳಿಗೆ ಸುಮ್ಮನಿದ್ದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಕೊನೆಗೆ ಅತ್ತೆಯೇ ಹೋಗಿ ಹೆಡ್‌ಮಾಸ್ಟರ ಹೆಂಡತಿಯ ಕೈಕಾಲು ಹಿಡಿದು ನೆಟ್ಟಗಿನ ಪತ್ರ ಬರೆಸಿ ಅರ್ಜಿ ಕಳಿಸಿದರು.

ಉತ್ತರ ಎರಡೇ ಸಾಲು. ಅರ್ಜಿ ತಲುಪಿದ ದಿನಕ್ಕೆ ಅಭ್ಯರ್ಥಿಯ ವಯಸ್ಸು ನಲವತ್ತು ದಾಟಿ ಹನ್ನೊಂದು ದಿನವಾಗಿದೆ. ಇನ್ನು ಮುಂದೆ ಅರ್ಜಿ ಸಲ್ಲಿಸಬೇಕಾಗಿಲ್ಲ.

ಹನ್ನೊಂದು ದಿನ! ಒಂದು ಹುಳು ಎರಡು ಮೂರು ಸಲ ಪೊರೆ ಕಳಚುವಷ್ಟು ಹೊತ್ತಿಗೆ ಒಬ್ಬ ಮನುಷ್ಯ ವಿಜ್ಞಾನಕ್ಕೆ ಕೆಲಸಕ್ಕೆ ಬಾರದವನಾಗಿಬಿಡುತ್ತಾನೆಯೇ? ನಾನಾಗ ಹನೂರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಸುದ್ದಿ ಕೇಳಿ ನನಗೇ ಇಷ್ಟು ಸಿಟ್ಟು ಬಂದಿರುವಾಗ ಮಾವ ಹೇಗೆ ಕೂಗಾಡುತ್ತಿರಬಹುದು ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಹೇಳಿ ಕಳಿಸಿದರು, ಬೇಗ ಬಾ ಎಂದು.

ಬಂದೆ. ಅತ್ತೆ ಅಗರದ ಮನೆಯ ಬಾಗಿಲಲ್ಲೇ ನಿಂತಿದ್ದರು. “ಬೈತಾನೇ ಇಲ್ಲ ಕಣಪ್ಪಾ. ನಾಕ್ ದಿನ ಆಯ್ತು. ಉಣ್ಣಾಕೂ ಏಳ್ತಿಲ್ಲ.”

ಮಾವ ಹಜಾರದಲ್ಲಿ ಗೋಡೆಗೊರಗಿ ಕೂತಿದ್ದರು. ನನ್ನನ್ನು ನೋಡಿ, “ಬಂದ್ಯಾ,” ಎಂದರು. ಅಷ್ಟೇ. ಬಸ್ಸು ತಡವಾಯಿತೆಂದೆ, ಬಸ್ಸಿನವನನ್ನು ಬೈಯಲಿಲ್ಲ. ಹೆಡ್‌ಮಾಸ್ಟರ ಮಾತೆತ್ತಿದೆ, “ಓಗ್ಲಿ ಬುಡು, ಅವ್ರ್ದೇನ್ ತಪ್ಪು,” ಎಂದರು. ನನಗೆ ಹೆದರಿಕೆಯಾಯಿತು. ಈ ಮನುಷ್ಯನಿಗೆ ಹೆದರುತ್ತಲೇ ನಾನು ಬೆಳೆದದ್ದು, ಆದರೆ ಹೀಗೆ ಎಂದೂ ಹೆದರಿರಲಿಲ್ಲ.

ಅತ್ತೆ ಅನ್ನ ಬಡಿಸಿ ತಟ್ಟೆ ಮುಂದಿಟ್ಟರು. ಅವರು ಮುಟ್ಟಲಿಲ್ಲ. ಏನು ಮಾಡಲಿ? ನನ್ನ ಬಾಯಿಗೆ ಬಂದದ್ದನ್ನು ಹೇಳಿದೆ.

“ಮಾವ, ಮೊನ್ನೆ ನಮ್ ಸ್ಕೂಲಲ್ಲಿ ರೇಷ್ಮೆ ಹುಳದ್ ಪಾಠ ಮಾಡ್ದೆ. ಹುಳುಕ್ಕೆ ರೋಗ ಬರದು ಜನದ್ ಕಣ್ ದೃಷ್ಟಿ ತಾಕಿ ಅಂತ ಯೇಳ್ಕೊಟ್ಟೆ. ಮಕ್ಕಳೆಲ್ಲ ಬರ್ಕಂಡ್ವು.”

ಮಾವ ನಿಧಾನಕ್ಕೆ ತಲೆ ಎತ್ತಿದರು.

“ಏನಂದೆ?”

“ದೃಷ್ಟಿ ಅಂದೆ. ನಿಮ್ ನೋಟ್‌ಬುಕ್ನಲ್ಲಿರದೆಲ್ಲಾ ನಂಬದಲ್ಲ ಅಂತ್ಲೂ ಯೇಳ್ದೆ.”

“ಬೋಳಿಮಗನೇ!” ಮಾವ ಎದ್ದು ನಿಂತರು. “ನಿನ್ನ ಯಾವ ಮುಟ್ಠಾಳ ಮೇಷ್ಟ್ರು ಮಾಡ್ದವ್ನು? ನನ್ ಮನೇಲಿ ಅನ್ನ ತಿಂದು, ನನ್ ತಟ್ಟೆ ತೊಳ್ದು, ಮಕ್ಕಳ್ಗೆ ದೃಷ್ಟಿ ಅಂತ ಯೇಳ್ಕೊಡ್ತಿಯಾ? ಕಣ್ಣಾರೆ ತೋರ್ಸಿರ್ಲಿಲ್ವೇನ್ಲಾ ನಾನು, ಸತ್ತ ಹುಳದ್ ರಸ ಸೊಪ್ಗೆ ತಾಕಿ...”

ಅಲ್ಲಿಗೆ ನಿಲ್ಲಿಸಿದರು. ನನ್ನ ಮುಖವನ್ನೇ ನೋಡಿದರು, ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ ಅತ್ತೆಯನ್ನು. ನಾನು ಅಂಥ ಪಾಠ ಮಾಡಿಲ್ಲವೆಂದು ಅವರಿಗೆ ತಿಳಿದುಹೋಯಿತು.

“ಕೂತ್ಕೊಲಾ. ಇನ್ನೂ ಬೈಯದದೆ,” ಎಂದು ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು.

ಬೈಯುತ್ತಲೇ ಉಂಡರು. ನಾನು ತಲೆ ಬಗ್ಗಿಸಿಕೊಂಡು ಎಲ್ಲವನ್ನೂ ಕೇಳಿಸಿಕೊಂಡೆ. ತಲೆ ಎತ್ತಿದ್ದರೆ ನನ್ನ ಕಣ್ಣು ಅವರಿಗೆ ಕಂಡುಬಿಡುತ್ತಿತ್ತು.