ಆರುನೂರು ವರ್ಷದ ಮಾದಮ್ಮ

ಬೆಳಿಗ್ಗೆ ಆಫೀಸಿಗೆ ಕಾಲಿಟ್ಟ ಕಂಪ್ಯೂಟರ್ ಆಪರೇಟರ್ ಕೇತನ್‌ಗೆ ಸಿಕ್ಕ ಮೊದಲ ಸುದ್ದಿ, ತನ್ನ ಅವ್ವ ಮಾದಮ್ಮ ಮುಳ್ಳನ್ಕೊಲ್ಲಿಯ ಕಾಡಂಚಿನ ಹಾಡಿಯಲ್ಲಿ ಆರುನೂರ ಹದಿಮೂರು ವರ್ಷದಿಂದ ವಾಸವಾಗಿದ್ದಾಳೆ ಅನ್ನುವುದು.

"ಎಡೋ ಕೇತಾ, ನಿಮ್ಮವ್ವ ದೇವಸ್ಥಾನಕ್ಕಿಂತ ಹಳಬಳಾ?" ಮಲಯಾಳಿ ಹೆಡ್‌ಕ್ಲರ್ಕ್ ಕರುಣಾಕರನ್ ಹೊಟ್ಟೆ ಕುಣಿಸಿ ನಕ್ಕ. "ನಿಮ್ಮ ಹಾಡಿಯವರೆಲ್ಲರ ಮನೆಜಾಗದ ಹಕ್ಕುಪತ್ರದ ಫೈಲು ಇದು. ಸಂಜೆ ಸಾಹೇಬರು ನೋಡ್ತಾರೆ. ಅಷ್ಟರಲ್ಲಿ ಸರಿಯಾಗದಿದ್ರೆ ನಿನ್ನ ಕಾಂಟ್ರಾಕ್ಟ್ ಮುಗೀತು."

ತಪ್ಪು ಸಣ್ಣದು. ಹಳೇ ಟೆಕ್ಸ್ಟ್ ಫೈಲಿನಲ್ಲಿ ವಾಸದ ವರ್ಷಕ್ಕೆ ಎರಡಕ್ಷರದ ಜಾಗ, ಅದರ ಬೆನ್ನಿಗೇ ಮನೆಮಂದಿಯ ಸಂಖ್ಯೆಗೆ ಒಂದು. ಅರವತ್ತೊಂದು ವರ್ಷ, ಮೂರು ಮಂದಿ, ಸಂತೆದಿನದ ಬಸ್ಸಿನಲ್ಲಿ ನಿಂತವರ ಹಾಗೆ ಅಂಟಿಕೊಂಡು 613 ಆಗಿದ್ದರು. ಕಾಡಿನವರ ಜಾಗಕ್ಕೆಲ್ಲ ಬೇಲಿ ಹಾಕುವ ಸರ್ಕಾರ ಇಲ್ಲಿ ಮಾತ್ರ ಮರೆತಿತ್ತು.

ಕೇತನ್ ಕಮಾಂಡ್ ಬರೆಯುವ ಕಪ್ಪು ಕಿಟಕಿ ತೆರೆದು ಅಕ್ಷರ ಎಣಿಸಿದ. ಇಷ್ಟನೇ ಅಕ್ಷರದ ನಂತರ ಒಂದು ಸಂದು ಬಿಡು ಎಂದು, ಇಡೀ ಫೈಲು ತಿದ್ದುವ ಒಂದೇ ಸಾಲಿನ ಸೆಡ್ ಕಮಾಂಡ್ ಬರೆದಿಟ್ಟು ಚಹಾ ಕುಡಿದು ಬಂದ. ಎಂಟರ್ ಒತ್ತಿದ.

ಮಾದಮ್ಮ ಈಗ ಆರು ವರ್ಷದಿಂದ ವಾಸ. ಮನೆಮಂದಿ ಹದಿಮೂರು.

"ಹಾಡಿಗೆ ಯಾರ ದೃಷ್ಟಿ ಬಿತ್ತೋ," ಪಕ್ಕದ ಮೇಜಿನ ಶೋಭ ಇಣುಕಿದಳು.

"ಫೈಲು ಯಾರಾದ್ರೂ ಮುಟ್ಟಿದ್ರಾ ಸಾರೇ?" ಕೇತನ್ ಕರುಣಾಕರನ್ ಕಡೆ ತಿರುಗಿದ.

"ನಾನೇ. ಪ್ರತಿ ಸಾಲಿನ ಮುಂದೆ ಒಂದು ಸ್ಪೇಸ್ ಕೊಟ್ಟೆ. ಸರ್ಕಾರಿ ಕಾಗದಕ್ಕೆ ಮಾರ್ಜಿನ್ ಬೇಡ್ವಾ?"

ಅಕ್ಷರಗಳೆಲ್ಲ ಒಂದು ಹೆಜ್ಜೆ ಸರಿದು, ಸಂದು ಆರರ ಪಕ್ಕದಲ್ಲೇ ಬಿದ್ದಿತ್ತು. ಕೇತನ್ ಹಲ್ಲು ಕಚ್ಚಿ ಮಾರ್ಜಿನ್ ಕಿತ್ತು ಕಮಾಂಡನ್ನು ಮತ್ತೆ ಓಡಿಸಿದ. ಅರವತ್ತೊಂದು, ಮೂರು. ಹಾಡಿಯವರೆಲ್ಲ ತಂತಮ್ಮ ವರ್ಷಗಳಿಗೆ ಮರಳಿದರು. ಸಾಹೇಬರ ಜೀಪು ಗೇಟಿಗೆ ಬರುವಷ್ಟರಲ್ಲಿ ತಿದ್ದಿದ ಫೈಲು ಮತ್ತೆ ಪೋರ್ಟಲ್ ಸೇರಿತು. ಸ್ಕ್ರೀನು ಮೇಲಿಂದ ಕೆಳಗೆ ಕೆಂಪಾಯಿತು.

"ಏನ್ ಮಾಡ್ದೆ ಮೋನೇ," ಶೋಭಳ ದನಿ ಇಳಿಯಿತು. "ಹಕ್ಕುಪತ್ರಕ್ಕೆ ಎಪ್ಪತ್ತೈದು ವರ್ಷದ ವಾಸ ಬೇಕು. ಬೆಳಿಗ್ಗೆ ಆ ತಪ್ಪು ಲೆಕ್ಕದಲ್ಲೇ ನಿಮ್ಮ ಹಾಡಿ ಪೂರ್ತಿ ಪಾಸಾಗಿತ್ತು. ಹಕ್ಕುಪತ್ರ ಸಹಿಗೆ ಕಾಯ್ತಿತ್ತು. ಈಗ ಎಲ್ಲಾ ಕ್ಯಾನ್ಸಲ್."

ಕರುಣಾಕರನ್ ಬೆನ್ನು ತಟ್ಟಿದ. "ಕೆಲಸ ಅಂದ್ರೆ ಇದು. ನಿನ್ನ ಕಾಂಟ್ರಾಕ್ಟ್ ಮುಂದುವರಿಯುತ್ತೆ. ನಾಳೆಯಿಂದ ಜಾಗ ಖಾಲಿ ಮಾಡಿಸೋ ನೋಟೀಸು ಟೈಪ್ ಮಾಡ್ಬೇಕು. ನಿಮ್ಮನೇದ್ರಿಂದಲೇ ಶುರುಮಾಡು."

ಹಕ್ಕುಪತ್ರಕ್ಕೆಂದು ಬಂದು ಆಫೀಸಿನ ಜಗಲಿಯಲ್ಲಿ ಕೂತಿದ್ದ ಮಾದಮ್ಮ ಎಲ್ಲ ಕೇಳಿ ಎಲೆಯಡಿಕೆ ಉಗುಳಿದಳು.

"ಅಜ್ಜ ಮುತ್ತಜ್ಜರ ಕಾಲದಿಂದ ಇಲ್ಲೇ ಇದ್ದೀವಿ ಅಂತ ಬಡ್ಕೊಂಡ್ರೂ ಯಾರೂ ನಂಬ್ಲಿಲ್ಲ. ಒಂದು ಮಿಷನ್ನು ನಂಬಿತ್ತು. ಅದಕ್ಕೂ ಬುದ್ಧಿ ಹೇಳಿಬಿಟ್ಟೆಯಲ್ಲೋ."