ಪದ್ಮಯ್ಯ ಮಾಸ್ತರರ ಸುಡುಮಣ್ಣು

ಖಾಂಡವವನವನ್ನು ಸುಡಲು ಅಗ್ನಿದೇವನಿಗೆ ಕೃಷ್ಣಾರ್ಜುನರಿಬ್ಬರ ಕಾವಲು ಬೇಕಾಯಿತು. ಹನುಮಂತ ಲಂಕೆಯನ್ನು ಸುಟ್ಟದ್ದು ದೊಡ್ಡದೇ ಹೌದು, ಆದರೆ ಬಟ್ಟೆ, ಎಣ್ಣೆ ಎಲ್ಲ ರಾವಣನ ಖರ್ಚಿನದು. ಗುರುವಾಯನಕೆರೆಯ ಪದ್ಮಯ್ಯ ಮಾಸ್ತರರಿಗೆ ಅಂಥ ಯಾವ ಬೆಂಬಲವೂ ಇರಲಿಲ್ಲ. ಒಂದು ಬೆಂಕಿಪೆಟ್ಟಿಗೆ, ಹದಿನೈದು ದಿನದ ನವರಾತ್ರಿ ರಜೆ, ಮನೆಯ ಹಿಂದೆ ಅರ್ಧ ಎಕ್ರೆ ಹಿತ್ತಿಲು. ಇಷ್ಟರಲ್ಲೇ ಅವರು ಪುರಾಣಪುರುಷರ ಸಾಲಿಗೆ ಸೇರಿದ್ದರು.

ಮಳೆಗಾಲ ಹಿಂದೆ ಸರಿದು ಬಿಸಿಲು ಕಣ್ಣು ಬಿಟ್ಟ ಕೂಡಲೇ ಊರಿನವರೆಲ್ಲ ಹಿತ್ತಿಲಿಗೆ ಇಳಿಯುತ್ತಾರೆ. ಆಳೆತ್ತರ ಬೆಳೆದ ಕಳೆ ಕೀಳುವುದು, ಬೇಲಿ ಕಟ್ಟುವುದು, ಕೆಸುವಿನ ಗಡ್ಡೆ ಅಗೆಯುವುದು, ಬಸಳೆಗೆ ಚಪ್ಪರ ಹಾಕುವುದು, ಹರಿವೆಗೆ ಸಾಲು ಎಳೆಯುವುದು. ಇವೆಲ್ಲದರ ನಡುವೆ ಸುಡುಮಣ್ಣು ಎಂಬುದೊಂದು ಕೆಲಸ. ಒಣಗಿದ ಕಳೆ, ತರಗೆಲೆ, ಕಸಕಡ್ಡಿಗಳನ್ನು ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಬುಡದಲ್ಲಿ ಕಿಡಿ ಕೊಟ್ಟರೆ ಐದಾರು ದಿನ ಒಳಗೊಳಗೇ ಬೇಯುತ್ತದೆ. ಬೆಂದ ಮಣ್ಣನ್ನು ತರಕಾರಿಯ ಬುಡಕ್ಕೆ ಹಾಕಿದರೆ ಬಳ್ಳಿ ಹುಚ್ಚು ಹಿಡಿದಂತೆ ಬೆಳೆಯುತ್ತದೆ. ಉಳಿದವರಿಗೆ ಇದು ಹತ್ತರ ಜೊತೆ ಹನ್ನೊಂದನೆಯ ಕೆಲಸ. ಮಾಸ್ತರರಿಗೆ ಮಾತ್ರ ಇದೊಂದೇ ಕೆಲಸ, ಉಳಿದ ಹತ್ತು ಇದಕ್ಕೆ ಸೌದೆ ಒದಗಿಸಲು ಇರುವಂಥವು.

ಅವರ ರಾಶಿಯ ಹೊಗೆ ಕಂಡು ಮೂಡಬಿದಿರೆ ಬಸ್ಸಿನ ಡ್ರೈವರ್ ಊರು ಬಂತೆಂದು ಗೇರು ಬದಲಿಸುತ್ತಿದ್ದನಂತೆ. ಜಾತಕ ನೋಡಲು ಬಂದ ಜೋಯಿಸರೊಬ್ಬರು ತಾಳೆಗರಿಯ ಕೊಡೆಯನ್ನು ಜಗಲಿಗೆ ಒರಗಿಸಿ ಒಂದು ಲೋಟ ನೀರು ಕುಡಿದು ಏಳುವುದರೊಳಗೆ ಕೊಡೆ ಗೊಬ್ಬರವಾಗಿತ್ತಂತೆ. (ಮನೆಯವರೆಲ್ಲರ ಭವಿಷ್ಯ ಹೇಳಿದ ಮಹಾನುಭಾವರಿಗೆ ತಮ್ಮ ಕೊಡೆಯ ಭವಿಷ್ಯ ಮಾತ್ರ ಗೊತ್ತಾಗಲಿಲ್ಲ.) ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು. ಸರಕಾರ ಬದಲಾಯಿತು, ಅರ್ಜಿಯ ಭಾಷೆ ಬದಲಾಯಿತು, ಮಾಸ್ತರರ ಹೊಗೆ ಮಾತ್ರ ಹಾಗೆಯೇ ಏಳುತ್ತಿತ್ತು.

ಈ ಪುರಾಣವೆಲ್ಲ ಕೇಳುವವರಿಗೆ ಚಂದ. ಅದರೊಳಗೆ ಸಂಸಾರ ಮಾಡಬೇಕಾದ ನೀಲಾವತಿಗೆ ಹಾಗಲ್ಲ. ಒಣಗಿದ್ದೆಲ್ಲವೂ ಕಸ, ಕಸವೆಲ್ಲವೂ ಮಣ್ಣಿನ ಆಹಾರ ಎಂಬುದು ಅವಳ ಗಂಡನ ವೇದಾಂತ. ಕಸ ಗುಡಿಸುವ ಹಿಡಿಸೂಡಿ ಒಣಗಿರುತ್ತದೆ, ಬುಟ್ಟಿ ಒಣಗಿರುತ್ತದೆ, ಮಳೆಗಾಲದಲ್ಲಿ ಗದ್ದೆಗೆ ಇಳಿಯುವಾಗ ಬೆನ್ನಿಗೆ ಹಾಕುವ ಎಲೆಯ ಗೊರಬೆಯಂತೂ ಸುಡಲಿಕ್ಕೆಂದೇ ಹೆಣೆದಂತೆ ಇರುತ್ತದೆ. ಒಂದು ವರ್ಷ ಮೊರ ಹೋಯಿತು, ಇನ್ನೊಂದು ವರ್ಷ ಚಾಪೆ ಹೋಯಿತು.

"ಚಾಪೆಯನ್ನೂ ಸುಟ್ಟಿರಾ?" ಎಂದು ಅವಳು ಕೇಳಿದ್ದಕ್ಕೆ ಮಾಸ್ತರರು, "ಹರಿದಿತ್ತಲ್ಲ ಮಾರಾಯ್ತಿ" ಎಂದಿದ್ದರು.

"ಅದರ ಮೇಲೆ ನಿಮ್ಮ ಅಮ್ಮ ಮಲಗುವುದು!"

"ಅಮ್ಮ ಆಗ ಎದ್ದಿದ್ದರು."

ಹೀಗಾಗಿ ಪ್ರತಿವರ್ಷ ರಜೆ ಶುರುವಾಗುವ ಮುನ್ನಾದಿನ ನೀಲಾವತಿ ತೆರವು ಕಾರ್ಯಾಚರಣೆ ನಡೆಸುತ್ತಿದ್ದಳು. ಯುದ್ಧಕಾಲದಲ್ಲಿ ಬಾಂಬಿಗೆ ಹೆದರಿ ಪಟ್ಟಣದವರು ಹಳ್ಳಿಗೆ ಓಡಿದ ಹಾಗೆ ಗೊರಬೆ, ಬುಟ್ಟಿ, ಹಿಡಿಸೂಡಿಗಳೆಲ್ಲ ಹಳೆಯ ಸೀರೆಯಲ್ಲಿ ಗಂಟಾಗಿ ಬೇಲಿಯಾಚೆಯ ಬೀಯಮ್ಮನ ಮನೆಯ ಅಟ್ಟ ಸೇರುತ್ತಿದ್ದವು. ಆ ವರ್ಷ ಗಂಟು ಕಟ್ಟುವ ಹೊತ್ತಿಗೆ ಹಾಲು ಉಕ್ಕಿತು, ಕರು ಹಗ್ಗ ಬಿಚ್ಚಿಕೊಂಡಿತು, ಮಾಸ್ತರರು ಶಾಲೆಯಿಂದ ಅರ್ಧ ಗಂಟೆ ಮೊದಲೇ ಬಂದು ಅಂಗಳದಲ್ಲಿ ಕೆಮ್ಮಿದರು. ನೀಲಾವತಿ ಕೈಗೆ ಸಿಕ್ಕಿದ್ದನ್ನೆಲ್ಲ ಒಳಗೆ ತುರುಕಿ ಗಂಟನ್ನು ಬೇಲಿಯ ಮೇಲಿಂದಲೇ ದಾಟಿಸಿದಳು.

"ಎಂತ ನೀಲಕ್ಕ, ಈ ಸಲ ಇಷ್ಟು ಭಾರ ಉಂಟು?" ಎಂದಳು ಬೀಯಮ್ಮ. "ಮಾಸ್ತರ್ರನ್ನೇ ಕಟ್ಟಿ ಹಾಕಿದ್ದೀರಾ?"

"ಅವರನ್ನು ಕಟ್ಟುವ ಹಗ್ಗ ಇದ್ದಿದ್ದರೆ ಅದನ್ನೂ ಸುಡುತ್ತಿದ್ದರು."

ಮರುದಿನ, ನವರಾತ್ರಿಯ ಪಂಚಮಿಗೆ, ರಾಶಿ ಎದ್ದಿತು. ಮಾಸ್ತರರು ಅಡಿಕೆಹಾಳೆಯ ಮುಟ್ಟಾಳೆ ತಲೆಗಿಟ್ಟು, ಪಂಚೆ ಎತ್ತಿ ಕಟ್ಟಿ, ಪೂರ್ವಕ್ಕೆ ಮುಖ ಮಾಡಿ ಕಡ್ಡಿ ಗೀರಿದರು. ಹೊಗೆ ಮೊದಲು ಅಡಿಗೆಕೋಣೆಗೆ, ಆಮೇಲೆ ದೇವರಕೋಣೆಗೆ, ಕೊನೆಗೆ ನೀಲಾವತಿಯ ಎರಡು ಕಣ್ಣಿಗೆ ಪ್ರವೇಶ ಮಾಡಿತು. ಅವಳು ಸಹಿಸಿದಳು. ಮಣ್ಣು ಬೇಯಲಿ, ಅವಳಿಗೂ ಬೇಕಿತ್ತು. ಯಾಕೆಂದರೆ ಆ ಮಣ್ಣು ಬೀಳಬೇಕಾದದ್ದು ಅವಳ ಅಲಸಂಡೆಯ ಬುಡಕ್ಕೆ.

ಆ ಅಲಸಂಡೆಯ ವಿಷಯ ಹೇಳದಿದ್ದರೆ ನೀಲಾವತಿಯ ವಿಷಯ ಹೇಳಿದಂತಾಗುವುದಿಲ್ಲ. ಬೀಜ ನೆರಿಯ ಎಂಬ ಊರಿನ ಅವಳ ತವರಿನದು. ಕಾಯಿ ಕೆಂಪು ಬಣ್ಣ, ಒಂದೂವರೆ ಮೊಳ ಉದ್ದ, ಬೆಣ್ಣೆಯಂಥ ಎಳಸು. ತವರಿನಲ್ಲಿ ಕಾಡುಹಂದಿ ನುಗ್ಗಿ ಬಳ್ಳಿ ನಾಶವಾದ ಮೇಲೆ ಭೂಮಂಡಲದಲ್ಲಿ ಆ ಬೀಜ ಉಳಿದದ್ದು ನೀಲಾವತಿಯ ಒಲೆಯ ಮೇಲೆ ಮಾತ್ರ. ಬೈಹುಲ್ಲಿನಲ್ಲಿ ಚೆಂಡಿನ ಹಾಗೆ ಸುತ್ತಿ ಬಿಗಿದ ಕುರುಂಟಿನೊಳಗೆ, ಹುಳ ಹಿಡಿಯದಂತೆ ಹೊಗೆಗೆ ತೂಗಿ, ಮಸಿಯಿಂದ ಕಪ್ಪಾಗಿ ಅದು ವರ್ಷವಿಡೀ ತಪಸ್ಸು ಮಾಡುತ್ತಿತ್ತು. ವಾಮದಪದವಿಗೆ ಮದುವೆ ಮಾಡಿಕೊಟ್ಟ ನಾದಿನಿ ದಮಯಂತಿ ಆರು ವರ್ಷದಿಂದ, "ಅತ್ತಿಗೇ, ನಾಲ್ಕೇ ನಾಲ್ಕು ಬೀಜ" ಎಂದು ಕೇಳುತ್ತಿದ್ದಳು. ನೀಲಾವತಿ ಹೋಳಿಗೆ ಕೊಟ್ಟಳು, ರವಕೆಗೆ ಬಟ್ಟೆ ಕೊಟ್ಟಳು, ಒಂದು ಸಲ ಬೆಕ್ಕಿನ ಮರಿಯನ್ನೂ ಕೊಟ್ಟಳು, ಬೀಜ ಮಾತ್ರ ಕೊಡಲಿಲ್ಲ. ನೆಂಟರು ಬಂದಾಗ ಊಟದೆಲೆಯ ಮೇಲೆ ಆ ಪಲ್ಯ ಬಡಿಸಿ, "ಇದು ಬೇರೆಲ್ಲಿಯೂ ಸಿಗುವುದಿಲ್ಲ" ಎನ್ನುವ ಸುಖಕ್ಕೆ ಸಮಾನವಾದದ್ದು ಸ್ವರ್ಗದಲ್ಲಿಯೂ ಇರಲಿಕ್ಕಿಲ್ಲ.

ಮಹಾನವಮಿಯ ಬೆಳಿಗ್ಗೆ ಸಾಲು ತಯಾರಾಯಿತು. ನೀಲಾವತಿ ಸ್ನಾನ ಮಾಡಿ, ದೀಪಕ್ಕೆ ಕೈಮುಗಿದು, ಸ್ಟೂಲು ಹತ್ತಿ ಒಲೆಯ ಮೇಲಕ್ಕೆ ಕೈಚಾಚಿದಳು. ಕೈಗೆ ಸಿಕ್ಕಿದ್ದು ಬರಿಯ ಕೊಕ್ಕೆ.

ಅವಳು ಹಿತ್ತಿಲಿಗೆ ಬಂದಾಗ ಮಾಸ್ತರರು ರಾಶಿಯ ಒಂದು ಬಿರುಕಿಗೆ ಮಣ್ಣು ಮೆತ್ತುತ್ತಿದ್ದರು.

"ಇಲ್ಲಿ ನೋಡಿ. ಒಲೆಯ ಮೇಲಿದ್ದ ಕುರುಂಟು ಎಲ್ಲಿ?"

"ಕುರುಂಟಾ?"

"ಕಪ್ಪಗೆ, ಉರುಟಾಗಿ. ನಿಮ್ಮ ತಲೆಯ ಹಾಗೆ ಉಂಟು. ಸುಟ್ಟಿರಾ?"

ಮಾಸ್ತರರು ರಾಶಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಅಡಿಗೆಕೋಣೆಯ ಕಡೆಗೆ ನೋಡಿದರು. ಅಲ್ಲಿಂದ ಹೊಗೆ ಬರುತ್ತಿರಲಿಲ್ಲ. ಇಡೀ ಮನೆಯಲ್ಲಿ ಒಲೆಯೊಂದೇ ಆ ಹೊತ್ತಿಗೆ ಉರಿಯದೆ ಇದ್ದದ್ದು.

"ಹೌದು" ಎಂದರು.

ಆಮೇಲೆ ನಡೆದದ್ದಕ್ಕೆ ಕುರುಕ್ಷೇತ್ರ ಎಂಬ ಹೆಸರು ಸಣ್ಣದಾಯಿತು. ನೀಲಾವತಿ ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಹಾರೆ ಹಿಡಿದು ರಾಶಿಗೆ ನುಗ್ಗಿದಳು. ಬೇಯುತ್ತಿರುವ ಸುಡುಮಣ್ಣನ್ನು ಬಗೆಯುವುದೆಂದರೆ ಹೆರಿಗೆಯ ಕೋಣೆಗೆ ಬ್ಯಾಂಡು ನುಗ್ಗಿಸಿದ ಹಾಗೆ. ಒಳಗಿನ ಕೆಂಡಕ್ಕೆ ಗಾಳಿ ತಾಗಿ ಧಗ್ಗೆಂದು ಉರಿ ಎದ್ದಿತು.

"ಬೇಡ ಮಾರಾಯ್ತಿ! ಇನ್ನು ಎರಡು ದಿನ ಸಾಕು! ಮಣ್ಣು ಹಸಿ ಉಳಿಯುತ್ತದೆ!" ಎಂದು ಮಾಸ್ತರರು ಸುತ್ತ ಓಡಿದರು.

"ನನ್ನ ಹೊಟ್ಟೆ ಬೇಯುವುದು ಕಾಣುವುದಿಲ್ಲ, ಮಣ್ಣು ಬೇಯದಿದ್ದರೆ ಸಂಕಟ!"

ಬೀಜ ಸಿಗಲಿಲ್ಲ. ಸಿಕ್ಕಿದ್ದು ಬೇರೆಯೇ ಚರಿತ್ರೆ. ಮೊದಲು ಕುಡುಗೋಲಿನ ಬಾಯಿ ಬಂತು, ಹಿಡಿ ಇರಲಿಲ್ಲ. ಆಮೇಲೆ ನೀಲಾವತಿಯ ಅಣ್ಣನ ಬಟ್ಟೆಯ ಕೊಡೆಯ ಎಂಟು ಕಡ್ಡಿಗಳು ಜೇಡನ ಅಸ್ಥಿಪಂಜರದಂತೆ ಎದ್ದು ಬಂದವು.

"ಅಣ್ಣನ ಕೊಡೆ ಬಸ್ಸಿನಲ್ಲಿ ಹೋಯಿತು ಅಂದಿರಿ!"

"ಬಸ್ಸಿನಲ್ಲಿ ಹೋಗಿ ವಾಪಸು ಬಂದಿತ್ತು" ಎಂದು ಮಾಸ್ತರರು ತಗ್ಗಿದ ದನಿಯಲ್ಲಿ ಹೇಳಿದರು.

ಆ ದಿನ ಮನೆಯಲ್ಲಿ ಹಬ್ಬದಡಿಗೆ ಇಲ್ಲ. ಮಧ್ಯಾಹ್ನ ಎರಡು ಗಂಟೆಗೆ ಒಂದು ಬಟ್ಟಲು ಗಂಜಿ ಜಗಲಿಗೆ ಬಂದು ಕುಳಿತಿತು, ಉಪ್ಪಿನಕಾಯಿ ಜೊತೆಯಲ್ಲಿ ಬರಲಿಲ್ಲ. ಮಾಸ್ತರರು ಅದನ್ನು ಮುಗಿಸಿ ಬಟ್ಟಲನ್ನು ತಾವೇ ತೊಳೆದಿಟ್ಟರು. ನೀಲಾವತಿ ಗೋಡೆಯ ಜೊತೆ ಮಾತಾಡುತ್ತಿದ್ದಳು. "ಅಮ್ಮ ಕೊಟ್ಟದ್ದು ಇದೊಂದೇ. ಚಿನ್ನ ಕೊಟ್ಟಿದ್ದರೆ ಇಷ್ಟು ಬೇಜಾರಿಲ್ಲ, ಚಿನ್ನ ಸುಟ್ಟರೂ ಚಿನ್ನವೇ. ಯಾರ ಹತ್ತಿರವಾದರೂ ಒಂದು ಹಿಡಿ ಇದ್ದಿದ್ದರೆ ಅವರ ಕಾಲು ಹಿಡಿಯುತ್ತಿದ್ದೆ. ದಮಯಂತಿಯ ಕಾಲಾದರೂ ಹಿಡಿಯುತ್ತಿದ್ದೆ!"

ಜಗಲಿಯಲ್ಲಿ ಮಾಸ್ತರರ ಕಿವಿ ನೆಟ್ಟಗಾಯಿತು.

ಮರುದಿನ ವಿಜಯದಶಮಿ. ಮೊದಲ ಬಸ್ಸಿಗೆ ಮಾಸ್ತರರು ಹೊರಟರು, ಎಲ್ಲಿಗೆಂದು ಹೇಳಲಿಲ್ಲ. (ಕೇಳುವವರೂ ಮೌನವ್ರತದಲ್ಲಿದ್ದರು.) ಸಂಜೆ ಅಂಗಳಕ್ಕೆ ಬಂದಾಗ ಅವರ ನಡಿಗೆಯಲ್ಲಿ ಸಂಜೀವಿನಿ ಪರ್ವತ ಹೊತ್ತವನ ಗತ್ತು ಇತ್ತು. ಕೈಯಲ್ಲಿ ಹಳೆಯದೊಂದು ಪೌಡರ್ ಡಬ್ಬಿ. ನೀಲಾವತಿಯ ಅಂಗೈ ಮೇಲೆ ಅದನ್ನು ಬಗ್ಗಿಸಿದರು. ಕೆಂಪು ಬೀಜ, ಹೊಟ್ಟೆಯಲ್ಲಿ ಬಿಳಿ ಬೊಟ್ಟು. ಅದೇ. ಅವಳು ಒಂದನ್ನು ಹಲ್ಲಿನಲ್ಲಿ ಕಚ್ಚಿ ನೋಡಿದಳು. ಅದೇ! ಅವಳ ಕಣ್ಣು ತುಂಬಿತು, ಈ ಸಲ ಹೊಗೆಯಿಂದಲ್ಲ.

ಆ ಕಣ್ಣೀರು ಕೆನ್ನೆಗೆ ಇಳಿಯುವುದರೊಳಗೆ ಬತ್ತಿತು.

"ಎಲ್ಲಿ ಸಿಕ್ಕಿತು?"

"ದಮಯಂತಿ ಕೊಟ್ಟಳು."

"ದಮಯಂತಿಗೆ ಎಲ್ಲಿಂದ?"

ಮಾಸ್ತರರು ಮುಟ್ಟಾಳೆ ತೆಗೆದು ಅದರ ಒಳಗೆ ಉತ್ತರ ಹುಡುಕಿದರು. "ಆರು ವರ್ಷದ ಹಿಂದೆ... ನೀನು ಬೇಡ ಅಂದಾಗ ಪಾಪ ಅವಳು ತುಂಬ ಬೇಸರ ಮಾಡಿಕೊಂಡಳು. ಒಂದು ಹಿಡಿ ಮಾತ್ರ. ತಂಗಿ ಅಲ್ವಾ?"

"ಆರು ವರ್ಷ! ಹಾಗಾದರೆ ಪ್ರತಿವರ್ಷ ಬಂದು ನಾಲ್ಕೇ ನಾಲ್ಕು ಬೀಜ ಅಂತ ಕೇಳುತ್ತಿದ್ದದ್ದು?"

"ಕೇಳದಿದ್ದರೆ ನಿನಗೆ ಸಂಶಯ ಬರುತ್ತದೆ ಅಂತ ನಾನೇ ಹೇಳಿಕೊಟ್ಟದ್ದು."

ನೀಲಾವತಿ ಮೆಟ್ಟಿಲಲ್ಲಿ ಕುಳಿತಳು. ತಾನು ಬೀಜವಿಲ್ಲ ಎನ್ನುವಾಗ ದಮಯಂತಿ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದದ್ದು, ಪಲ್ಯ ಬಡಿಸಿದಾಗ "ಇಂಥದ್ದು ನಮ್ಮಲ್ಲಿ ಎಲ್ಲಿ ಅತ್ತಿಗೆ" ಎಂದು ನಿಟ್ಟುಸಿರು ಬಿಡುತ್ತಿದ್ದದ್ದು, ಹೋಗುವಾಗ ಹೋಳಿಗೆಯನ್ನೂ ಕಟ್ಟಿಸಿಕೊಂಡದ್ದು, ಎಲ್ಲ ಸಾಲಾಗಿ ಬಂದು ನಿಂತವು.

"ಅವಳು ಎಂತ ಹೇಳಿದಳು, ಬೀಜ ಕೊಡುವಾಗ?"

"ಎಂತ ಇಲ್ಲ. ಅತ್ತಿಗೆಗೆ ಸಾಕಾಗದಿದ್ದರೆ ಇನ್ನೂ ಉಂಟು ಅಂದಳು. ನಾಲ್ಕು ಮನೆಗೆ ಕೊಟ್ಟು ಮಿಕ್ಕಿದ್ದು."

"ನಾಲ್ಕು ಮನೆಗೆ!"

ಮಾಸ್ತರರಿಗೆ ಇದೇ ಸಮಯವೆನ್ನಿಸಿತು. ಎದೆ ಸೆಟೆಸಿ, ತರಗತಿಯ ದನಿಯಲ್ಲಿ ಹೇಳಿದರು: "ಆಲೋಚನೆ ಮಾಡು. ಆ ದಿನ ನಾನು ಕದಿಯದೆ ಇದ್ದಿದ್ದರೆ ಇಂದು ಈ ಬೀಜದ ವಂಶ ನಿರ್ವಂಶ. ನಿನ್ನ ಅಮ್ಮನ ಹೆಸರು ಉಳಿಸಿದ್ದು ಯಾರು?"

"ಸುಟ್ಟದ್ದು ಯಾರು?"

ತರಗತಿ ಮುಗಿಯಿತು. ಅಂದಿನಿಂದ ಬೆಂಕಿಪೆಟ್ಟಿಗೆ ನೀಲಾವತಿಯ ಸೊಂಟಕ್ಕೆ ಹೋಯಿತು. ದೇವರಿಗೆ ದೀಪ ಹಚ್ಚಬೇಕಾದರೂ ಮಾಸ್ತರರು ಕೈ ಒಡ್ಡಿ ಒಂದೊಂದೇ ಕಡ್ಡಿ ಪಡೆಯಬೇಕಾಯಿತು. ದಮಯಂತಿಯ ಬೀಜಗಳನ್ನು ನೀಲಾವತಿ ಹಲ್ಲು ಕಚ್ಚಿಕೊಂಡು ಬಿತ್ತಿದಳು, ಅರೆಬೆಂದ ಮಣ್ಣನ್ನೇ ಹಾಕಿದಳು. ಅವು ನಾಚಿಕೆಯಿಲ್ಲದೆ ನಾಲ್ಕೇ ದಿನಕ್ಕೆ ಮೊಳೆತವು. ದಿನಾ ಬೆಳಿಗ್ಗೆ ನೀರು ಹಾಕುವಾಗ ಒಂದೊಂದು ಮೊಳಕೆಯೂ "ಅತ್ತಿಗೇ" ಎಂದು ಕರೆದಂತಾಗಿ ಅವಳು ಬಿಂದಿಗೆಯನ್ನು ಸ್ವಲ್ಪ ಜೋರಾಗಿಯೇ ಬಗ್ಗಿಸುತ್ತಿದ್ದಳು. ಮಾಸ್ತರರು ದಿನಾ ಕಡ್ಡಿಗೆ ಕೈ ಒಡ್ಡಿದರು. ಗೊಣಗಲಿಲ್ಲ, ವಾದಿಸಲಿಲ್ಲ. ತಪ್ಪು ಮಾಡಿದವರಿಗೆ ಇಷ್ಟಾದರೂ ಇರಬೇಕು ಎಂದುಕೊಂಡಳು.

ರಜೆ ಮುಗಿದು ಮಾಸ್ತರರು ಶಾಲೆಗೆ ಹೋದ ದಿನ ಸಂಜೆ ಬೇಲಿಯ ಹತ್ತಿರ ಬೀಯಮ್ಮನ ದನಿ ಕೇಳಿತು.

"ನೀಲಕ್ಕಾ! ಯುದ್ಧ ಮುಗಿಯಿತಲ್ಲ, ನಿಮ್ಮ ಸಾಮಾನು ತಕ್ಕೊಳ್ಳಿ. ಇಲಿ ಸುತ್ತುತ್ತಾ ಇತ್ತು, ನಾನು ಬೆಕ್ಕನ್ನೇ ಕಾವಲಿಗೆ ಮಲಗಿಸಿದೆ. ಒಳಗೆ ತಿನ್ನುವಂಥದ್ದು ಎಂತ ಇಟ್ಟಿದ್ದೀರಿ?"

"ತಿನ್ನುವಂಥದ್ದು ಎಂತ ಇಲ್ಲ ಬೀಯಮ್ಮ, ಬರೇ ಗೊರಬೆ" ಎನ್ನುತ್ತ ನೀಲಾವತಿ ಗಂಟು ಬಿಚ್ಚಿದಳು. ಬುಟ್ಟಿ ಬಂತು, ಹಿಡಿಸೂಡಿ ಬಂತು. ಗೊರಬೆಯನ್ನು ಕೊಡವಿದಾಗ ಅದರ ಹೊಟ್ಟೆಯಿಂದ ಕಪ್ಪಗೆ, ಉರುಟಾಗಿ ಒಂದು ವಸ್ತು ಕೆಳಗೆ ಬಿದ್ದು, ಅಂಗಳದಲ್ಲಿ ಎರಡು ಸುತ್ತು ಉರುಳಿ, ಆಗಷ್ಟೇ ಒಳಗೆ ಬರುತ್ತಿದ್ದ ಮಾಸ್ತರರ ಚಪ್ಪಲಿಗೆ ತಾಗಿ ನಿಂತಿತು.

ಬೀಯಮ್ಮ ಮಾಸ್ತರರ ಮುಖ ನೋಡಿದಳು, ನೀಲಾವತಿಯ ಮುಖ ನೋಡಿದಳು. "ನನ್ನ ಒಲೆಯಲ್ಲಿ ಮೀನು ಉಂಟು" ಎಂದು ಬೇಲಿಯಿಂದ ಮಾಯವಾದಳು.

ಹಾಲು ಉಕ್ಕಿದ್ದು, ಕರು ಬಿಚ್ಚಿಕೊಂಡದ್ದು, ಸ್ಟೂಲು ಹತ್ತಿ ಕೊಕ್ಕೆಯಿಂದ ಏನನ್ನೋ ಕಿತ್ತು ಗೊರಬೆಯೊಳಗೆ ತುರುಕಿದ್ದು, ಈಗ ಒಂದೊಂದಾಗಿ ನೀಲಾವತಿಯ ನೆನಪಿಗೆ ಬಂತು. ರಾಶಿ ಬಗೆದದ್ದು ಬಂತು. ಉಪ್ಪಿನಕಾಯಿ ಇಲ್ಲದ ಗಂಜಿ ಬಂತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಒಂದು ಸಲವೂ ಸೋಲದವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಇನ್ನು ಈ ಮನುಷ್ಯ ಭಾಷಣ ಮಾಡುತ್ತಾರೆ, ಬೆಂಕಿಪೆಟ್ಟಿಗೆ ವಾಪಸು ಕೇಳುತ್ತಾರೆ, ಅಣ್ಣನ ಕೊಡೆಯ ಪಾಪವನ್ನೂ ಇದರಲ್ಲೇ ತೊಳೆದುಕೊಳ್ಳುತ್ತಾರೆ ಎಂದು ಕಾದಳು.

ಮಾಸ್ತರರು ಬಗ್ಗಿ ಕುರುಂಟನ್ನು ಎತ್ತಿದರು, ಧೂಳು ಊದಿದರು, ಅವಳ ಕೈಗೆ ಕೊಟ್ಟರು.

ಭಾಷಣ ಬರಲಿಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ.

"ಅಲ್ಲ, ನೀವು ಇದನ್ನು ಮುಟ್ಟಲೇ ಇಲ್ಲವಲ್ಲ! ಸುಟ್ಟಿರಾ ಅಂತ ಕೇಳಿದಾಗ ಹೌದು ಅಂದದ್ದು ಎಂತಕ್ಕೆ?"

ಮಾಸ್ತರರು ಚಪ್ಪಲಿ ಬಿಟ್ಟು, ಕಾಲಿಗೆ ನೀರು ಹಾಕಿಕೊಂಡು, ಜಗಲಿ ಹತ್ತಿದರು.

"ಹಸಿವಾಗಿತ್ತು ಮಾರಾಯ್ತಿ. ಇಲ್ಲ ಅಂದಿದ್ದರೆ ನೀನು ನಂಬದೆ ಸಂಜೆವರೆಗೆ ಜಗಳ, ಆ ಗಂಜಿಯೂ ಸಿಗ್ತಿರಲಿಲ್ಲ."